ಹಳೆಯ ಕಾರಿಗೆ ಗಾಳಿ ಬ್ಯಾಗ್ ಕೊಳ್ಳುವ ಮುಂಚೆ ಟೇಪು ಹಿಡಿಯಿರಿ

ಬೆಂಗಳೂರಿನಿಂದ ಮೈಸೂರಿಗೆ ಐರಾವತ ಬಸ್ಸಿನಲ್ಲಿ ಹೋಗಿದ್ದರೆ ನಿಮ್ಮ ಬೆನ್ನಿಗೇ ಗೊತ್ತಿರುತ್ತದೆ. ಹಂಪ್ ಬಂದಾಗ ಕೆಂಪು ಬಸ್ಸು ಎತ್ತಿ ಕುಕ್ಕುತ್ತದೆ, ಐರಾವತ ಹಾಗೆ ಕುಕ್ಕುವುದಿಲ್ಲ. ಕೆಂಪು ಬಸ್ಸಿನ ಅಡಿಯಲ್ಲಿ ಕಬ್ಬಿಣದ ಪಟ್ಟಿಗಳ ಕಟ್ಟು ಇರುತ್ತದೆ, ವೋಲ್ವೋ ಬಸ್ಸಿನ ಅಡಿಯಲ್ಲಿ ಗಾಳಿ ತುಂಬಿದ ರಬ್ಬರ್ ಬ್ಯಾಗ್ ಇರುತ್ತದೆ. ಬೇರೆ ಕಾರಣಗಳೂ ಇವೆ, ಆದರೆ ದೊಡ್ಡ ಕಾರಣ ಅದೇ.

ನಾನೀಗ ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಪಕ್ಕದ ಮನೆಯ ಹಿರಿಯರ ಗ್ಯಾರೇಜಿನಲ್ಲಿ 1951ರ ಮರ್ಕ್ಯುರಿ ಕಾರು ಇದೆ. ಫೋರ್ಡ್ ಕಂಪನಿ ಮಾಡಿದ್ದು, ಎರಡು ಬಾಗಿಲು, ಮೈಯೆಲ್ಲ ದುಂಡು ದುಂಡು. ಈ ಕಾರನ್ನು ತಗ್ಗಿಸಿ ನಿಲ್ಲಿಸಿದರೆ ಎಮ್ಮೆ ಕೆರೆಗಿಳಿದು ಮಲಗಿದ ಹಾಗೆ ಕಾಣುತ್ತದೆ, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು, ಯಾವ ಅವಸರವೂ ಇಲ್ಲದೆ. ಅದನ್ನು ಹಾಗೆ ಮಲಗಿಸಬೇಕು, ಬೇಕೆಂದಾಗ ಎಬ್ಬಿಸಿ ಓಡಿಸಲೂಬೇಕು ಅನ್ನೋದು ಅವರ ಆಸೆ. ಅದಕ್ಕೆ ಸ್ಪ್ರಿಂಗಿನ ಬದಲು ಗಾಳಿ ಬ್ಯಾಗೇ ದಾರಿ. ಎರಡು ವರ್ಷ ಶನಿವಾರಗಳಲ್ಲಿ ಅವರ ಜೊತೆ ಕೈ ಸೇರಿಸಿದ್ದೇನೆ. ಬ್ಯಾಗ್ ಆರಿಸುವ ವಿಷಯದಲ್ಲಿ ಜನ ಎಲ್ಲಿ ತಪ್ಪುತ್ತಾರೆ ಅಂತ ಹತ್ತಿರದಿಂದ ನೋಡಿದ್ದೇನೆ, ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. 1949ರಿಂದ 1951ರವರೆಗಿನ ಮರ್ಕ್ಯುರಿ ಅಂದರೆ ಅಮೆರಿಕದ ಕಸ್ಟಮ್ ಕಾರಿನವರಿಗೆ, ಅಂದರೆ ಕಾರನ್ನು ತಮ್ಮ ರುಚಿಗೆ ತಕ್ಕಂತೆ ಬದಲಾಯಿಸಿಕೊಳ್ಳುವವರಿಗೆ, ಪ್ರಾಣ. ಲಾಸ್ ಏಂಜಲೀಸ್ ಕಡೆಯ ಬ್ಯಾರಿಸ್ ಸಹೋದರರು 1952ರಲ್ಲಿ ಬಾಬ್ ಹಿರೋಹಾಟಾ ಅವರಿಗಾಗಿ ಕಟ್ಟಿಕೊಟ್ಟ 1951ರ ಮರ್ಕ್ಯುರಿ ಇವತ್ತಿಗೂ ಈ ಲೋಕದ ಅತಿ ಪ್ರಸಿದ್ಧ ಕಾರುಗಳಲ್ಲಿ ಒಂದು. ಆ ಕಾಲದಲ್ಲಿ ಕಾರು ತಗ್ಗಿಸುವುದು ಅಂದರೆ ಒಂದೇ ಸಲ, ಶಾಶ್ವತವಾಗಿ. ಮುಂದಿನ ಕಾಯಿಲ್ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸುವುದು, ಹಿಂದೆ ಆಕ್ಸೆಲ್ ಮತ್ತು ಪಟ್ಟಿಗಳ ನಡುವೆ ಕಬ್ಬಿಣದ ತುಂಡು ಇಟ್ಟು ಎತ್ತರ ಇಳಿಸುವುದು. ಇಳಿಸಿದ ಮೇಲೆ ಮತ್ತೆ ಏರಿಸುವ ಮಾತೇ ಇಲ್ಲ. ಗ್ಯಾರೇಜಿನ ಬಾಗಿಲ ದಿಣ್ಣೆ ಹತ್ತಿಸುವಾಗಲೂ ಸೈಲೆನ್ಸರ್ ಉಜ್ಜುತ್ತಿತ್ತು.

1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ನಿಯಮ ಬಂತು. ಮಾರ್ಪಡಿಸಿದ ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಇರಬಾರದು. ತಗ್ಗಿಸಿದ ಕಾರಿನವರಿಗೆ ದಂಡದ ಮೇಲೆ ದಂಡ. ಆಗ ರಾನ್ ಅಗೀರೆ ಅನ್ನುವ ಯುವಕ ತನ್ನ 1957ರ ಕಾರ್ವೆಟ್ ಕಾರಿಗೆ ವಿಮಾನದ ಹೈಡ್ರಾಲಿಕ್ ಭಾಗಗಳನ್ನು ಕೂರಿಸಿದ. ಪೊಲೀಸರು ಕಂಡರೆ ಕಾರು ಮೇಲೆ, ಅವರು ಹೋದ ಮೇಲೆ ಮತ್ತೆ ಕೆಳಗೆ. ಏರಿಳಿಯುವ ಕಸ್ಟಮ್ ಕಾರಿನ ಕಥೆ ಶುರುವಾಗಿದ್ದು ಹೀಗೆ, ಎಣ್ಣೆಯ ಬಲದಿಂದ. ಗಾಳಿ ಬ್ಯಾಗ್ ಈ ಕಾರುಗಳಲ್ಲಿ ಹರಡಿದ್ದು 1990ರ ದಶಕದಲ್ಲಿ. ಆ ನಿಯಮ 2024ರ ಜನವರಿ 1ರಿಂದ ಹೋಯಿತು. ಆ ವರ್ಷ ನಮ್ಮ ಪಕ್ಕದ ಮನೆಯವರು ಬೀದಿಯ ಮಕ್ಕಳಿಗೆಲ್ಲ ಐಸ್‌ಕ್ರೀಮ್ ಕೊಡಿಸಿದ್ದರು.

ಕಾರು ಕಂಪನಿಗಳು ಗಾಳಿಯನ್ನು ಇನ್ನೂ ಮೊದಲೇ ಪ್ರಯತ್ನಿಸಿದ್ದವು. 1957ರ ಕ್ಯಾಡಿಲ್ಯಾಕ್ ಎಲ್ಡೊರಾಡೊ ಬ್ರೋಮ್ ಹದಿಮೂರು ಸಾವಿರ ಡಾಲರ್ ದಾಟಿದ ಕಾರು, ನಾಲ್ಕೂ ಚಕ್ರಕ್ಕೆ ಗಾಳಿಯ ಸಸ್ಪೆನ್ಷನ್. 1958ರಲ್ಲಿ ಶೆವರ್ಲೆ ಕಾರುಗಳಿಗೂ ಅದನ್ನು ಐಚ್ಛಿಕವಾಗಿ ಕೊಟ್ಟರು. ಆದರೆ ಗಾಳಿ ಸೋರುವ ತೊಂದರೆ ತೀರಲೇ ಇಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಕಾರು ಕುಸಿದು ಕೂತಿರುತ್ತಿತ್ತು. ಬಹಳ ಮಾಲೀಕರು ಅದನ್ನು ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿಸಿಕೊಂಡರು. ಇವತ್ತಿನ ರಬ್ಬರ್, ಇವತ್ತಿನ ವಾಲ್ವ್ ಎಷ್ಟೋ ಮೇಲು. ಆದರೂ ಗಾಳಿ ಗಾಳಿಯೇ, ಸಂದು ಸಿಕ್ಕರೆ ಹೊರಗೆ ಹೋಗುತ್ತದೆ.

ಈಗ ಬ್ಯಾಗಿಗೆ ಬರೋಣ.

ಬ್ಯಾಗ್ ಭಾರ ಹೊರುವುದು ಹೇಗೆ? ಲೆಕ್ಕ ತೀರಾ ಸರಳ. ಒಳಗಿನ ಗಾಳಿಯ ಒತ್ತಡವನ್ನು, ಆ ಒತ್ತಡ ಒತ್ತುವ ಜಾಗದ ವಿಸ್ತಾರದಿಂದ ಗುಣಿಸಿ. ಒಂದು ಚದರ ಇಂಚಿಗೆ 80 ಪೌಂಡ್ ಒತ್ತಡ, ಅಂದರೆ ನಾವು ಟೈರಿಗೆ ಹೇಳುವ ಪಿಎಸ್‌ಐ ಲೆಕ್ಕದಲ್ಲಿ 80. ಒತ್ತುವ ಜಾಗ 20 ಚದರ ಇಂಚು. ಎರಡನ್ನೂ ಗುಣಿಸಿದರೆ 1,600 ಪೌಂಡ್, ಸುಮಾರು 725 ಕಿಲೋ. ಅಷ್ಟು ಭಾರ ಆ ಬ್ಯಾಗ್ ಹೊರುತ್ತದೆ.

ಇಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಒತ್ತುವ ಜಾಗ ಅಂದರೆ ಬ್ಯಾಗಿನ ಹೊರ ಅಳತೆ ಅಲ್ಲ. ಬ್ಯಾಗ್ ಉಬ್ಬಿದಾಗ ಹೊರಗಿನಿಂದ ಏಳು ಇಂಚು ಅಡ್ಡಗಲ ಇರಬಹುದು, ಆದರೆ ನಿಜವಾಗಿ ಭಾರ ಎತ್ತುವ ವೃತ್ತ ಐದು ಇಂಚಿನದ್ದಾಗಿರಬಹುದು. ಅದು ಎತ್ತರದ ಜೊತೆ ಬದಲಾಗುತ್ತಲೂ ಇರುತ್ತದೆ. ಅದಕ್ಕೇ ಅಂಗಡಿಯ ಪಟ್ಟಿಯಲ್ಲಿ ‘7 ಇಂಚಿನ ಬ್ಯಾಗ್’ ಅಂತ ಓದಿ ಅದರ ಮೇಲೆ ಭಾರದ ಲೆಕ್ಕ ಹಾಕಬೇಡಿ.

ಬ್ಯಾಗಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಮಡಿಕೆ ಬ್ಯಾಗ್. ಕಮ್ಮಾರನ ಕುಲುಮೆಯ ತಿದಿ ನೋಡಿದ್ದೀರಲ್ಲ, ಆ ತರಹ ಒಂದರ ಮೇಲೊಂದು ಎರಡು ಉಬ್ಬು, ನಡುವೆ ಒಂದು ಬಳೆ. ಫೈರ್‌ಸ್ಟೋನ್‌ನವರ 2500, 2600 ಅಂತ ಈ ಜನ ಬಾಯಿಪಾಠ ಹೇಳುವುದು ಇಂಥ ಬ್ಯಾಗ್‌ಗಳನ್ನೇ. ಕಡಿಮೆ ಎತ್ತರದ ಜಾಗದಲ್ಲಿ ಕೂರುತ್ತದೆ, ಹೆಚ್ಚು ಭಾರ ಹೊರುತ್ತದೆ. ಅದನ್ನು ಅದುಮಿದಷ್ಟೂ ಒತ್ತುವ ಜಾಗ ಹಿಗ್ಗುತ್ತಾ ಹೋಗುತ್ತದೆ, ಹಾಗಾಗಿ ಕೆಳಗೆ ಹೋದಂತೆ ಬೇಗ ಗಟ್ಟಿಯಾಗುತ್ತದೆ.

ಇನ್ನೊಂದು ಕೊಳವೆ ಬ್ಯಾಗ್. ಕಾಲುಚೀಲದ ಬಾಯನ್ನು ಒಳಕ್ಕೆ ಮಡಚಿ ಕೆಳಗೆ ಜಾರಿಸಿದ ಹಾಗೆ, ರಬ್ಬರ್ ಒಂದು ಕಂಬದ ಮೇಲೆ ಉರುಳಿಕೊಂಡು ಇಳಿಯುತ್ತದೆ. ವೋಲ್ವೋ ಬಸ್ಸಿನ ಅಡಿಯಲ್ಲಿ ಕಾಣುವುದು ಇದರ ದೊಡ್ಡಣ್ಣ. ಇದರಲ್ಲಿ ಒತ್ತುವ ಜಾಗ ಅಷ್ಟಾಗಿ ಬದಲಾಗುವುದಿಲ್ಲ, ಓಟ, ಅಂದರೆ ಮೇಲೆ ಕೆಳಗೆ ಆಡುವ ಅಳತೆ, ಉದ್ದ, ಸವಾರಿ ನಯ. ಆದರೆ ಎತ್ತರದ ಜಾಗ ಬೇಕು, ಅದೇ ಅಳತೆಯ ಮಡಿಕೆ ಬ್ಯಾಗಿಗಿಂತ ಕಡಿಮೆ ಭಾರ ಹೊರುತ್ತದೆ, ಓರೆಯಾಗಿ ಕೂರಿಸಿದರೆ ಸಹಿಸುವುದಿಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಇಂಥ ಹಳೆಯ ಕಾರುಗಳಲ್ಲಿ ಮುಂದೆ ಮಡಿಕೆ ಬ್ಯಾಗ್, ಹಿಂದೆ ಜಾಗ ಸಿಕ್ಕರೆ ಕೊಳವೆ ಬ್ಯಾಗ್. ಶಾಕ್ ಅಬ್ಸಾರ್ಬರಿನ ಸುತ್ತಲೇ ಬ್ಯಾಗ್ ಸೇರಿಸಿದ ಜೋಡಿ ಘಟಕಗಳೂ ಸಿಗುತ್ತವೆ, ಒಳ್ಳೆಯವೇ, ಆದರೆ ಅವು ನಿಮ್ಮ ಕಾರಿಗೆಂದೇ ಮಾಡಿದ್ದಾದರೆ ಮಾತ್ರ ಕೊಳ್ಳಿ.

ನಮ್ಮ ಕಥೆಯಲ್ಲಿ ಆಗಿದ್ದು ಏನು ಅಂದರೆ, ನಾನು ಆ ಗ್ಯಾರೇಜಿಗೆ ಕಾಲಿಡುವ ಮುಂಚೆಯೇ ನಾಲ್ಕು ಬ್ಯಾಗ್ ಬಂದು ಡಬ್ಬದಲ್ಲಿ ಕೂತಿದ್ದವು. ನಾಲ್ಕೂ ಒಂದೇ ಅಳತೆ, ಸಿಕ್ಕಿದ್ದರಲ್ಲೇ ದೊಡ್ಡವು. ‘ಭಾರದ ಕಾರು, ದೊಡ್ಡ ಬ್ಯಾಗ್ ಇರಲಿ’ ಅನ್ನೋದು ಅವರ ಲೆಕ್ಕ. ಕೇಳಿದರೆ ಸರಿಯೇ ಅನಿಸುತ್ತದೆ ಅಲ್ವಾ? ಅಂಕಿ ಇಟ್ಟು ನೋಡೋಣ.

ಕಾರಿನ ತೂಕ ಸುಮಾರು 1,600 ಕಿಲೋ ಅಂತ ಇಟ್ಟುಕೊಳ್ಳಿ. ಎಂಜಿನ್ ಮುಂದಿರುವುದರಿಂದ ಮುಂದಕ್ಕೆ ನೂರರಲ್ಲಿ 55 ಪಾಲು, ಅಂದರೆ 880 ಕಿಲೋ. ಒಂದು ಚಕ್ರಕ್ಕೆ 440. ಇದರಲ್ಲಿ ಚಕ್ರ, ಟೈರು, ಬ್ರೇಕ್ ಡ್ರಮ್ಮಿನ ತೂಕವನ್ನು ಬ್ಯಾಗ್ ಹೊರುವುದಿಲ್ಲ, ಅದು ನೇರ ನೆಲದ ಮೇಲೇ ನಿಂತಿರುತ್ತದೆ. ಅದಕ್ಕೆ 40 ಕಿಲೋ ಕಳೆಯಿರಿ. ಉಳಿದದ್ದು 400.

ಹಾಗಾದರೆ ಮುಂದಿನ ಬ್ಯಾಗಿನ ಮೇಲೆ 400 ಕಿಲೋ ಭಾರವಾ? ಅಲ್ಲ. ಬಹಳ ಜನ ಎಡವುವುದು ಇಲ್ಲೇ. ಬ್ಯಾಗ್ ಚಕ್ರದ ಮೇಲೆ ಕೂತಿಲ್ಲ, ಚಕ್ರವನ್ನು ಚಾಸಿಗೆ ಸೇರಿಸುವ ಕೆಳಗಿನ ತೋಳಿನ, ಅಂದರೆ ಲೋಯರ್ ಆರ್ಮಿನ, ನಡುವೆ ಎಲ್ಲೋ ಕೂತಿದೆ. ಬಾಗಿಲನ್ನು ಹಿಡಿಯ ಹತ್ತಿರ ತಳ್ಳಿದರೆ ಹಗುರ, ಕೀಲಿನ ಹತ್ತಿರ ತಳ್ಳಿದರೆ ಎಷ್ಟು ಬಿಗಿ ಅಂತ ನೋಡಿದ್ದೀರಲ್ಲ, ಅದೇ ಲೆಕ್ಕ. ನಮ್ಮ ಕಾರಿನಲ್ಲಿ ಆರ್ಮಿನ ಕೀಲಿನಿಂದ ಚಕ್ರದ ಕಡೆಯ ತುದಿಯವರೆಗೆ ಅಳೆದರೆ 40 ಸೆಂಟಿಮೀಟರ್ ಬಂತು, ಕೀಲಿನಿಂದ ಬ್ಯಾಗಿನ ನಡುಮಧ್ಯಕ್ಕೆ 22. ಹಾಗಾಗಿ 400ನ್ನು 40ರಿಂದ ಗುಣಿಸಿ 22ರಿಂದ ಭಾಗಿಸಬೇಕು. ಸುಮಾರು 727 ಕಿಲೋ! ಚಕ್ರದ ಮೇಲಿನ ಭಾರಕ್ಕಿಂತ ಎಷ್ಟು ಜಾಸ್ತಿ ನೋಡಿ. ಜೊತೆಗೆ ಇದರ ಇನ್ನೊಂದು ಮುಖವೂ ಇದೆ. ಚಕ್ರ 6 ಇಂಚು ಮೇಲೆ ಕೆಳಗೆ ಆದರೆ ಬ್ಯಾಗ್ ಬರೀ 3.3 ಇಂಚು ಆಡುತ್ತದೆ. ಭಾರ ಜಾಸ್ತಿ, ಓಟ ಕಡಿಮೆ. ಮಡಿಕೆ ಬ್ಯಾಗಿಗೆ ಹೇಳಿ ಮಾಡಿಸಿದ ಕೆಲಸ ಅದು.

ಹಿಂದಿನದು ಬೇರೆಯೇ ಕಥೆ. 45 ಪಾಲು ಅಂದರೆ 720 ಕಿಲೋ, ಒಂದು ಕಡೆಗೆ 360. ಹಿಂದಿನ ಆಕ್ಸೆಲ್, ಡಿಫರೆನ್ಷಿಯಲ್ ಭಾರದವು, ಅದಕ್ಕೆ 60 ಕಳೆಯಿರಿ. ಉಳಿದದ್ದು 300. ಬ್ಯಾಗನ್ನು ಆಕ್ಸೆಲ್ಲಿನ ಮೇಲೇ ನೇರ ಕೂರಿಸುವುದರಿಂದ ಸನ್ನೆಕೋಲಿನ ಲೆಕ್ಕವಿಲ್ಲ, 300 ಅಂದರೆ 300. ಮುಂದಿನ ಬ್ಯಾಗಿನ ಅರ್ಧಕ್ಕಿಂತಲೂ ಕಡಿಮೆ ಭಾರ! ಆದರೆ ಓಟ ಚಕ್ರದಷ್ಟೇ, ಪೂರಾ 6 ಇಂಚು.

ಈಗ ಡಬ್ಬದಲ್ಲಿದ್ದ ದೊಡ್ಡ ಬ್ಯಾಗನ್ನು ಹಿಂದೆ ಇಟ್ಟು ನೋಡಿ. ಅದರ ಒತ್ತುವ ಜಾಗ ಸುಮಾರು 28 ಚದರ ಇಂಚು. 300 ಕಿಲೋ ಅಂದರೆ 660 ಪೌಂಡ್. ಕಾರನ್ನು ಓಡುವ ಎತ್ತರಕ್ಕೆ ತರಲು 24 ಪಿಎಸ್‌ಐ ಸಾಕು. ‘ಕಡಿಮೆ ಗಾಳಿ, ಮೆತ್ತಗಿರುತ್ತದೆ, ಒಳ್ಳೆಯದೇ ಅಲ್ವಾ’ ಅಂತ ಅವರೂ ಕೇಳಿದರು. ಒಳ್ಳೆಯದಲ್ಲ. ಚಕ್ರ ಗುಂಡಿಗೆ ಇಳಿದಾಗ ಬ್ಯಾಗ್ ಉದ್ದವಾಗುತ್ತದೆ, ಒಳಗಿನ ಜಾಗ ಒಂದೂವರೆ ಪಟ್ಟು ಆಯಿತು ಅಂದುಕೊಳ್ಳಿ. ಹೊರಗಿನ ವಾತಾವರಣದ ಒತ್ತಡವನ್ನೂ ಸೇರಿಸಿ ಲೆಕ್ಕ ಹಾಕಿದರೆ 24 ಇದ್ದದ್ದು 11ಕ್ಕೆ ಬೀಳುತ್ತದೆ. ಅಷ್ಟು ಸಡಿಲ ಬ್ಯಾಗಿನ ಗೋಡೆ ನೆಟ್ಟಗೆ ನಿಲ್ಲುವುದಿಲ್ಲ, ಒಳಕ್ಕೆ ಮಡಚಿಕೊಳ್ಳಬಹುದು. ಮರುಕ್ಷಣ ಚಕ್ರ ಮೇಲೆ ಬಂದಾಗ ಆ ಮಡಿಕೆ ಎರಡು ಕಬ್ಬಿಣದ ತಟ್ಟೆಗಳ ನಡುವೆ ಸಿಕ್ಕಿ ಕಡಿಸಿಕೊಳ್ಳುತ್ತದೆ. ಹೀಗೆ ನಾಲ್ಕು ಸಲ ಆದರೆ ಬ್ಯಾಗ್ ಮುಗಿಯಿತು.

ಅದೇ ಜಾಗಕ್ಕೆ ಒತ್ತುವ ಜಾಗ 13 ಚದರ ಇಂಚು ಇರುವ ತೆಳ್ಳಗಿನ ಕೊಳವೆ ಬ್ಯಾಗ್ ಹಾಕಿದರೆ 51 ಪಿಎಸ್‌ಐ ಬೇಕಾಗುತ್ತದೆ. ಅದೇ ಗುಂಡಿಯಲ್ಲಿ ಅದು 29ಕ್ಕೆ ಇಳಿಯುತ್ತದೆ, ಗೋಡೆ ಬಿಗಿಯಾಗೇ ಇರುತ್ತದೆ. ಹಿಂದಿನ ಸೀಟಿನಲ್ಲಿ ಇಬ್ಬರು ದೊಡ್ಡವರು ಕೂತು ಒಂದು ಕಡೆಗೆ 70 ಕಿಲೋ ಏರಿದರೂ 63 ಪಿಎಸ್‌ಐಗೆ ಸರಿಹೋಗುತ್ತದೆ, ಮೇಲೆ ಇನ್ನೂ ಅವಕಾಶ ಉಳಿಯುತ್ತದೆ. ದೊಡ್ಡ ಬ್ಯಾಗ್ ಅಂದರೆ ಹೆಚ್ಚು ಭದ್ರ ಅನ್ನುವ ಮಾತು ಹಿಂಭಾಗದಲ್ಲಿ ಪೂರಾ ಉಲ್ಟಾ. ಆ ನಾಲ್ಕರಲ್ಲಿ ಎರಡನ್ನು ಅವರು ಒಬ್ಬ ಪಿಕಪ್ ಟ್ರಕ್ಕಿನವರಿಗೆ ಮಾರಿದರು. ಇನ್ನೆರಡರ ಗತಿ ಮುಂದೆ ಹೇಳುತ್ತೇನೆ.

ಮೆತ್ತಗೆ ಅನ್ನುವ ಮಾತು ಬಂತಲ್ಲ, ಅದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಕಬ್ಬಿಣದ ಸ್ಪ್ರಿಂಗಿನ ಗಟ್ಟಿತನ ಅದರ ಮೈಯಲ್ಲೇ ಇರುತ್ತದೆ. ಬ್ಯಾಗಿನಲ್ಲಿ ಸ್ಪ್ರಿಂಗ್ ಅಂದರೆ ಒಳಗಿನ ಗಾಳಿ. ಸೈಕಲ್ ಪಂಪಿನ ಬಾಯಿಗೆ ಬೆರಳು ಒತ್ತಿ ಹಿಡಿದು ಹಿಡಿಯನ್ನು ತಳ್ಳಿ ನೋಡಿ. ಮೊದಲು ಸಲೀಸು, ಕೊನೆಯ ಎರಡು ಇಂಚು ಕಲ್ಲು. ಗಾಳಿಯ ಕಂಬ ಉದ್ದ ಇದ್ದಾಗ ಒಂದು ಇಂಚು ತಳ್ಳುವುದು ಸಣ್ಣ ವಿಷಯ, ಕಂಬ ಗಿಡ್ಡ ಆದಾಗ ಅದೇ ಒಂದು ಇಂಚು ದೊಡ್ಡ ವಿಷಯ. ಒಂದೇ ಭಾರ ಹೊತ್ತ ಬ್ಯಾಗ್ 6 ಇಂಚಿನಲ್ಲಿ ನಿಂತಾಗ ಎಷ್ಟು ಗಟ್ಟಿಯೋ, 3 ಇಂಚಿನಲ್ಲಿ ನಿಂತಾಗ ಅದರ ಹತ್ತಿರ ಹತ್ತಿರ ಎರಡು ಪಟ್ಟು ಗಟ್ಟಿ. ಮಡಿಕೆ ಬ್ಯಾಗಾದರೆ ಅದಕ್ಕಿಂತಲೂ ಹೆಚ್ಚು.

ಇದರಿಂದ ಒಂದು ಮಾತು ಹೊರಡುತ್ತದೆ, ನನ್ನ ಪ್ರಕಾರ ಇಡೀ ವಿಷಯದ ಗಂಟು ಅದೇ. ಬ್ಯಾಗನ್ನು ಆರಿಸಬೇಕಾದದ್ದು ಕಾರು ಓಡುವ ಎತ್ತರಕ್ಕೆ, ಮಲಗುವ ಎತ್ತರಕ್ಕಲ್ಲ. ಮಲಗಿದಾಗ ಬ್ಯಾಗ್ ಖಾಲಿ, ಅದಕ್ಕೆ ಕೆಲಸವೇ ಇಲ್ಲ, ಅದು ಅಡ್ಡ ಬರದಷ್ಟು ಗಿಡ್ಡಕ್ಕೆ ಮಡಚಿಕೊಂಡರೆ ಸಾಕು. ಆದರೆ ಜನ ಕಾರನ್ನು ನೆಲಕ್ಕೆ ತಾಗಿಸಿ ಫೋಟೋ ತೆಗೆಯುತ್ತಾರೆ, ಆ ಫೋಟೋ ನೋಡಿ ಬ್ಯಾಗ್ ಕೂರಿಸುತ್ತಾರೆ. ಆಮೇಲೆ ಓಡಿಸುವಾಗ ಎರಡೂವರೆ ಇಂಚಿನಲ್ಲಿ ಓಡಿಸಿ, ‘ಗಾಳಿ ಬ್ಯಾಗ್ ಹಾಕಿಸಿದೆ, ಎತ್ತಿನ ಗಾಡಿಯ ಹಾಗೆ ಕುಕ್ಕುತ್ತದೆ’ ಅಂತ ಬೈಯುತ್ತಾರೆ. ಬ್ಯಾಗಿನ ತಪ್ಪಲ್ಲ ಅದು. ಗಾಳಿಯ ಕಂಬವನ್ನೇ ಕೊಟ್ಟಿಲ್ಲ ಅದಕ್ಕೆ.

ಇನ್ನೊಂದು ಗೊಂದಲ ಮೀಟರಿನದ್ದು. ಗಾಳಿ ಹಾಕಿದರೆ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಕಾರು ಏರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಯೋಚಿಸಿ ನೋಡಿ, ಕಾರಿನ ತೂಕ ಬದಲಾಯಿತಾ? ಇಲ್ಲ. ಒತ್ತುವ ಜಾಗ ಬದಲಾಗದ ಕೊಳವೆ ಬ್ಯಾಗಿನಲ್ಲಿ ಕಾರು ನಾಲ್ಕು ಇಂಚಿನಲ್ಲಿದ್ದರೂ ಆರು ಇಂಚಿನಲ್ಲಿದ್ದರೂ ಒತ್ತಡ ಹೆಚ್ಚು ಕಡಿಮೆ ಅದೇ. ಒಳಗೆ ಹೋದ ಗಾಳಿಯ ಪ್ರಮಾಣ ಮಾತ್ರ ಬೇರೆ. ಮಡಿಕೆ ಬ್ಯಾಗಿನಲ್ಲಿ ಏರಿದಂತೆ ಒತ್ತುವ ಜಾಗ ಕುಗ್ಗುವುದರಿಂದ ಮೀಟರು ಸ್ವಲ್ಪ ಏರುತ್ತದೆ, ಅಷ್ಟೇ. ಅದಕ್ಕೇ ಬರೀ ಮೀಟರು ನೋಡಿ ಎತ್ತರ ಹೊಂದಿಸಲು ಹೋದರೆ, ಇವತ್ತು ಒಬ್ಬರೇ ಇದ್ದಾಗ ಸರಿ, ನಾಳೆ ನಾಲ್ಕು ಜನ ಕೂತಾಗ ತಪ್ಪು. ಎತ್ತರವನ್ನೇ ಅಳೆಯುವ ಸೆನ್ಸರ್ ವ್ಯವಸ್ಥೆಗೆ ಹಣ ಇದ್ದರೆ ಅದನ್ನೇ ಹಾಕಿಸಿ. ಇಲ್ಲದಿದ್ದರೆ ಮಡ್‌ಗಾರ್ಡ್ ಅಂಚಿನಿಂದ ಚಕ್ರದ ನಡುವಿನವರೆಗೆ ಎಷ್ಟು ಅಂತ ಟೇಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ನಾವು ಮಾಡಿದ್ದು ಅದನ್ನೇ.

ಕೊಳ್ಳುವಾಗ ಬ್ಯಾಗ್ ಮಾಡುವವರ ಚಾರ್ಟ್ ಕೇಳಿ. ಹೆಸರಿರುವ ಎಲ್ಲ ಕಂಪನಿಗಳೂ ಕೊಡುತ್ತವೆ. ಅಡ್ಡಗೆರೆಯಲ್ಲಿ ಬ್ಯಾಗಿನ ಎತ್ತರ, ನೆಟ್ಟಗೆರೆಯಲ್ಲಿ ಅದು ಹೊರುವ ಭಾರ, ನಡುವೆ 20, 40, 60, 80, 100 ಪಿಎಸ್‌ಐ ಅಂತ ಬಾಗಿದ ಗೆರೆಗಳು. ಮೊದಲು ನಿಮ್ಮ ಭಾರದ ಹತ್ತಿರ ಸ್ಕೇಲು ಇಟ್ಟು ಅಡ್ಡ ಗೆರೆ ಎಳೆಯಿರಿ. ಆಮೇಲೆ ಆ ಬ್ಯಾಗಿಗೆ ಕಂಪನಿ ಹೇಳಿದ ಓಡುವ ಎತ್ತರದಲ್ಲಿ ನೆಟ್ಟ ಗೆರೆ. ಎರಡೂ ಸೇರುವ ಬಿಂದು ಯಾವ ಒತ್ತಡದ ಗೆರೆಯ ಹತ್ತಿರ ಬಿತ್ತು ನೋಡಿ. ಮುಂದಕ್ಕೆ 60ರಿಂದ 85, ಹಿಂದಕ್ಕೆ 40ರಿಂದ 65ರ ಒಳಗೆ ಬಿದ್ದರೆ ನೆಮ್ಮದಿ ಅನ್ನೋದು ನಾನು ಇಟ್ಟುಕೊಂಡಿರುವ ಅಂದಾಜು. 100ರ ಹತ್ತಿರ ಬಿದ್ದರೆ ಬ್ಯಾಗ್ ಚಿಕ್ಕದಾಯಿತು, 25ರ ಹತ್ತಿರ ಬಿದ್ದರೆ ದೊಡ್ಡದಾಯಿತು. ಮುಂದಕ್ಕೆ ನಾವು ಆರಿಸಿದ ಬ್ಯಾಗ್ 5 ಇಂಚಿನ ಎತ್ತರದಲ್ಲಿ 80ರ ಗೆರೆಯ ಮೇಲೇ ಕೂತಿತು. ಡಬ್ಬದಲ್ಲಿ ಉಳಿದಿದ್ದ ಆ ಎರಡು ದೊಡ್ಡ ಬ್ಯಾಗ್‌ಗಳನ್ನು ಮುಂದೆ ಹಾಕಿದ್ದರೆ 57ರಲ್ಲಿ ನಿಲ್ಲುತ್ತಿದ್ದವು, ಭಾರದ ದೃಷ್ಟಿಯಿಂದ ನಡೆಯುತ್ತಿತ್ತು. ಆದರೆ ಅವು ಅಲ್ಲಿ ಹಿಡಿಸಲೇ ಇಲ್ಲ.

ಹಿಡಿಸುವುದು ಅಂದರೆ ಡಬ್ಬದಲ್ಲಿ ಇದ್ದ ಹಾಗೆ ಅಲ್ಲ, ಪೂರ್ತಿ ಉಬ್ಬಿದಾಗ. ನಾವು ಬ್ಯಾಗಿನ ಉಬ್ಬಿದ ಅಡ್ಡಗಲಕ್ಕೆ ಒಂದು ಇಂಚು ಸೇರಿಸಿ ದಪ್ಪ ರಟ್ಟಿನ ಬಿಲ್ಲೆ ಕತ್ತರಿಸಿ, ಅದನ್ನು ಆರ್ಮಿನ ಮೇಲೆ ಬ್ಯಾಗ್ ಬರುವ ಜಾಗದಲ್ಲಿ ಟೇಪಿನಿಂದ ಅಂಟಿಸಿದೆವು. ಆಮೇಲೆ ಜಾಕಿಯಿಂದ ಚಕ್ರವನ್ನು ಮೇಲಿನಿಂದ ಕೆಳಗಿನವರೆಗೆ ಸ್ವಲ್ಪ ಸ್ವಲ್ಪವೇ ಆಡಿಸಿದೆವು, ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿಯೂ ನೋಡಿದೆವು. ರಟ್ಟು ಎಲ್ಲಿಯೂ ಚಾಸಿಗೆ, ಟೈರಿಗೆ, ಬ್ರೇಕ್ ಪೈಪಿಗೆ ತಾಗಬಾರದು. ದೊಡ್ಡ ಬ್ಯಾಗಿನ ಬಿಲ್ಲೆ ಸ್ಪ್ರಿಂಗ್ ಕೂರುತ್ತಿದ್ದ ಗೂಡಿನ ಅಂಚಿಗೆ ಎರಡು ಕಡೆ ತಾಗಿ ಮಡಚಿಕೊಂಡಿತು. ಐದು ನಿಮಿಷದ ಕೆಲಸ, ರಟ್ಟಿಗೆ ದುಡ್ಡಿಲ್ಲ. ಬ್ಯಾಗ್ ತರಿಸುವ ಮೊದಲೇ ಇದನ್ನು ಮಾಡಿ.

ಇಷ್ಟು ಜಾಗ್ರತೆ ಮಾಡಿಯೂ ಒಂದು ಪೆಟ್ಟು ಬಿತ್ತು. ಓಡಿಸಲು ಶುರು ಮಾಡಿ ಮೂರು ವಾರಕ್ಕೆ ಮುಂದಿನ ಎಡ ಬ್ಯಾಗ್ ಸೋರತೊಡಗಿತು. ಸೋಪಿನ ನೀರು ಚಿಮುಕಿಸಿದರೆ ಮೇಲಿನ ಮಡಿಕೆಯ ಹೆಗಲಿನಲ್ಲಿ ಸಣ್ಣ ಸಣ್ಣ ಗುಳ್ಳೆ, ಒಂದಾದ ಮೇಲೆ ಒಂದು, ಒಂದೇ ಜಾಗದಿಂದ. ಬ್ಯಾಗ್ ಬಿಚ್ಚಿ ಟಾರ್ಚ್ ಹಿಡಿದು ಗೂಡಿನೊಳಗೆ ಬೆರಳಾಡಿಸಿದೆ. ಹಳೆಯ ಅಂಚಿನ ಹಿಂದೆ, ಕಣ್ಣಿಗೆ ಕಾಣದ ಕಡೆ, ಎಳ್ಳು ಕಾಳಿನಷ್ಟು ವೆಲ್ಡಿಂಗ್ ಹನಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಬ್ಯಾಗ್ ಉಬ್ಬಿದಾಗಲೆಲ್ಲ ಅದು ರಬ್ಬರನ್ನು ಮುಟ್ಟಿ ಮುಟ್ಟಿ, ದಾರದ ಪದರ ಕಾಣುವವರೆಗೆ ಸವೆಸಿತ್ತು. ಅವತ್ತಿಡೀ ದಿನ ಎರಡೂ ಗೂಡುಗಳನ್ನು ಗ್ರೈಂಡರಿನಿಂದ ಉಜ್ಜಿ, ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ ನೋಡಿದೆವು. ಬಟ್ಟೆಯ ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ಉಜ್ಜುವುದು. ನಂಬಿ, ಬೆರಳಿಗಿಂತ ಬಟ್ಟೆಗೆ ಬೇಗ ಗೊತ್ತಾಗುತ್ತದೆ.

ಶಾಖವೂ ಅಷ್ಟೇ ಅಪಾಯ. ಸೈಲೆನ್ಸರ್ ಪೈಪ್ ಬ್ಯಾಗಿನ ಹತ್ತಿರ ಹಾಯುತ್ತಿದ್ದರೆ ಪೈಪನ್ನೇ ಬೇರೆ ಕಡೆ ತಿರುಗಿಸಿ, ಆಗದಿದ್ದರೆ ನಡುವೆ ತಗಡಿನ ಮರೆ ಕಟ್ಟಿ.

ಇನ್ನು ಬ್ಯಾಗ್ ಮಾಡದ ಕೆಲಸಗಳು. ಇವನ್ನು ಮರೆತೇ ಬಹಳ ಕಾರುಗಳು ಕೆಟ್ಟಿರುವುದು. ಬ್ಯಾಗ್ ಭಾರ ಹೊರುತ್ತದೆ, ಅಷ್ಟೇ. ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಈ ಕಾಲದ ಹಲವು ಕಾರುಗಳಲ್ಲಿ ಮುಂದಿನ ಶಾಕ್ ಕಾಯಿಲ್ ಸ್ಪ್ರಿಂಗಿನ ಒಳಗೇ ಇರುತ್ತದೆ. ಸ್ಪ್ರಿಂಗ್ ತೆಗೆದು ಬ್ಯಾಗ್ ಇಟ್ಟರೆ ಶಾಕಿಗೆ ಜಾಗವಿಲ್ಲ, ಅದನ್ನು ಪಕ್ಕಕ್ಕೆ ಹೊಸ ಬ್ರಾಕೆಟ್ ಮಾಡಿ ಕೂರಿಸಬೇಕು. ಶಾಕ್ ಇಲ್ಲದೆ ಸುಮ್ನೆ ಬ್ಯಾಗ್ ಮೇಲೆ ಓಡಿಸುವವರನ್ನು ಕಂಡಿದ್ದೇನೆ, ಒಂದು ಹಂಪ್ ದಾಟಿದ ಮೇಲೆ ಕಾರು ಐದಾರು ಸಲ ತೂಗುತ್ತದೆ. ಅಂಥ ಕಾರಿನ ಬ್ರೇಕ್ ಒತ್ತಬೇಕಾಗಿ ಬಂದರೆ ದೇವರೇ ಗತಿ. ಶಾಕಿಗೆ ಇನ್ನೊಂದು ಕೆಲಸವೂ ಇದೆ. ಚಕ್ರ ಕೆಳಗೆ ಇಳಿಯುವುದನ್ನು ಅದು ತಡೆದು ನಿಲ್ಲಿಸಬೇಕು, ಬ್ಯಾಗ್ ಜಗ್ಗಿ ನಿಲ್ಲಿಸಬಾರದು. ಹಾಗೇ ಮೇಲಕ್ಕೆ ಬಂದಾಗ ನಿಲ್ಲಿಸಲು ರಬ್ಬರಿನ ಬಂಪ್ ಸ್ಟಾಪ್ ಬೇಕು, ಬ್ಯಾಗಿನ ಎರಡು ತಟ್ಟೆ ಒಂದಕ್ಕೊಂದು ಬಡಿಯುವ ಮೊದಲೇ ಅದು ತಾಗುವಂತೆ.

ಹಿಂದೆ ಇದು ಇನ್ನೂ ದೊಡ್ಡ ಮಾತು. ಮರ್ಕ್ಯುರಿಯ ಹಿಂದೆ ಇರುವುದು ಲಾರಿಯ ಹಾಗೆ ಪಟ್ಟಿಗಳ ಕಟ್ಟು, ಲೀಫ್ ಸ್ಪ್ರಿಂಗ್. ಅದು ಭಾರ ಹೊರುವುದಷ್ಟೇ ಅಲ್ಲ, ಆಕ್ಸೆಲ್ ಹಿಂದೆ ಮುಂದೆ, ಅಕ್ಕಪಕ್ಕ ಸರಿಯದಂತೆ ಹಿಡಿದಿಡುವುದೂ ಅದೇ. ಅದನ್ನು ಕಿತ್ತು ಬ್ಯಾಗ್ ಇಟ್ಟರೆ ಆಕ್ಸೆಲ್ಲನ್ನು ಹಿಡಿಯುವವರು ಯಾರು? ಅದಕ್ಕೇ ನಾಲ್ಕು ಸರಳುಗಳ ಜೋಡಣೆ ಬೇಕು, ಇಲ್ಲಿಯವರು ಫೋರ್ ಲಿಂಕ್ ಅನ್ನುತ್ತಾರೆ. ಆ ನಾಲ್ಕೂ ಉದ್ದಕ್ಕೆ ಇದ್ದರೆ ಅಕ್ಕಪಕ್ಕ ಸರಿಯುವುದನ್ನು ತಡೆಯಲು ಅಡ್ಡಕ್ಕೆ ಒಂದು ಪ್ಯಾನ್‌ಹಾರ್ಡ್ ರಾಡ್. ಈ ರಾಡ್ ಓಡುವ ಎತ್ತರದಲ್ಲಿ ನೆಲಕ್ಕೆ ಸಮಾನಾಂತರ ಇರಬೇಕು, ಇಲ್ಲದಿದ್ದರೆ ಕಾರು ಏರಿಳಿದಾಗ ಆಕ್ಸೆಲ್ ಒಂದು ಕಡೆಗೆ ಎಳೆದುಕೊಂಡು ಟೈರು ಮಡ್‌ಗಾರ್ಡಿಗೆ ತಾಗುತ್ತದೆ. ಕಾರು ಮಲಗಿದಾಗ ಆಕ್ಸೆಲ್ ಚಾಸಿಗೆ ತಾಗುವುದರಿಂದ ಚಾಸಿಯಲ್ಲಿ ಕಮಾನಿನಂತೆ ಕತ್ತರಿಸಿ ಒಳಗಿನಿಂದ ದಪ್ಪ ತಗಡು ಬೆಸೆಯಬೇಕು. ಹಿಂದಿನ ಆಕ್ಸೆಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕಾರಿನ ತಳದ ತಗಡಿಗೆ ತಾಗುತ್ತದಾ ಅಂತಲೂ ನೋಡಬೇಕು. ಇದು ಪಳಗಿದ ವೆಲ್ಡರ್ ಮಾಡಬೇಕಾದ ಕೆಲಸ. ಅಲ್ಲಿ ಹಣ ಉಳಿಸಬೇಡಿ.

ಗಾಳಿ ಕೊಡುವ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಕಂಪ್ರೆಸರ್, ಟ್ಯಾಂಕ್, ವಾಲ್ವ್, ನೈಲಾನ್ ಪೈಪ್. ಕಾಲಿಂಚಿನ ಪೈಪಾದರೆ ಕಾರು ನಿಧಾನ ಏಳುತ್ತದೆ, ಹೊಂದಿಸುವುದು ಸುಲಭ. 3/8 ಇಂಚಿನದ್ದಾದರೆ ಚಟ್ಟನೆ ಏಳುತ್ತದೆ, ನೋಡಲು ಚಂದ. ಓಡಿಸುವ ಕಾರಿಗೆ ಕಾಲಿಂಚೇ ಸಾಕು ಅನ್ನೋದು ನನ್ನ ಮಾತು. ಒಂದನ್ನು ಮಾತ್ರ ಖಂಡಿತ ಮಾಡಬೇಡಿ. ವಾಲ್ವ್ ಖರ್ಚು ಉಳಿಸಲು ಎಡ ಬಲ ಬ್ಯಾಗ್‌ಗಳನ್ನು ಒಂದೇ ಪೈಪಿಗೆ ಸೇರಿಸುವುದು. ತಿರುವಿನಲ್ಲಿ ಹೊರಗಿನ ಬ್ಯಾಗಿನ ಮೇಲೆ ಭಾರ ಬಿದ್ದ ಕೂಡಲೇ ಅದರ ಗಾಳಿ ಒಳಗಿನ ಬ್ಯಾಗಿಗೆ ಓಡುತ್ತದೆ, ಕಾರು ಹೊರಗೆ ಇನ್ನಷ್ಟು ವಾಲುತ್ತದೆ. ನಾಲ್ಕು ಚಕ್ರಕ್ಕೆ ನಾಲ್ಕು ದಾರಿ ಬೇರೆ ಬೇರೆ ಇರಲಿ. ಅದುಮಿದ ಗಾಳಿಯ ತೇವ ಟ್ಯಾಂಕಿನಲ್ಲಿ ನೀರಾಗಿ ನಿಲ್ಲುತ್ತದೆ, ಚಳಿಯ ಊರಿನಲ್ಲಿ ಅದು ವಾಲ್ವಿನಲ್ಲಿ ಹೆಪ್ಪುಗಟ್ಟಬಹುದು. ಟ್ಯಾಂಕಿನ ಕೆಳಗಿನ ಕೊಳಾಯಿ ತಿರುಗಿಸಿ ಆಗಾಗ ನೀರು ಬಿಡಿ.

ಬ್ಯಾಗಿನ ಮೇಲೆ ನಿಂತ ಕಾರಿನ ಅಡಿಗೆ ಯಾವತ್ತೂ ತಲೆ ಹಾಕಬೇಡಿ. ಒಂದು ಪೈಪ್ ಕಳಚಿದರೆ ಎರಡು ಸೆಕೆಂಡಿನಲ್ಲಿ ಅದು ನೆಲಕ್ಕೆ ಬರುತ್ತದೆ. ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಅದರ ಮೇಲೆ ಭಾರ ಬಿದ್ದಿದೆ ಅಂತ ಅಲ್ಲಾಡಿಸಿ ನೋಡಿದ ಮೇಲೆಯೇ ಒಳಗೆ ಹೋಗಿ. ಹಾಗೇ ಕಾರಿಗೆ ಜೋಡಿಸದ ಬ್ಯಾಗಿಗೆ ಮೇಜಿನ ಮೇಲಿಟ್ಟು ಗಾಳಿ ಹಾಕಿ ನೋಡಬೇಡಿ, ತಡೆಯಿಲ್ಲದೆ ಉದ್ದವಾಗಿ ಅದು ಒಡೆಯಬಹುದು.

ಊರಿನ ಗೆಳೆಯರು ಕೇಳುತ್ತಾರೆ, ನಮ್ಮ ಪದ್ಮಿನಿಗೆ, ಅಂಬಾಸಡರಿಗೆ ಹಾಕಬಹುದಾ ಅಂತ. ಲೆಕ್ಕವೆಲ್ಲ ಇದೇ, ಪದ್ಮಿನಿ ಹಗುರ ಆದ್ದರಿಂದ ಬ್ಯಾಗ್ ಇನ್ನೂ ಚಿಕ್ಕದು ಬೇಕು. ಆದರೆ ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಬಿಗಿಯಾಗಿ ಹೇಳಿತು. ಚಾಸಿ ಕತ್ತರಿಸುವ ಕೆಲಸವನ್ನು ಅಲ್ಲಿ ರಸ್ತೆಗಿಳಿಸುವ ಕಾರಿಗೆ ಮಾಡಿಸಬೇಡಿ ಅಂತಲೇ ಅವರಿಗೆಲ್ಲ ಹೇಳುತ್ತೇನೆ.

ನಮ್ಮ ಮರ್ಕ್ಯುರಿ ಈಗ ಓಡುತ್ತಿದೆ. ಮುಂದೆ ಮಡಿಕೆ ಬ್ಯಾಗ್, ಓಡುವ ಎತ್ತರ 5 ಇಂಚು, ಮೀಟರಿನಲ್ಲಿ 78. ಹಿಂದೆ ಕೊಳವೆ ಬ್ಯಾಗ್, 52. ಭಾನುವಾರ ಸಂಜೆ ಅವರು ಹೆಂಡತಿಯನ್ನು ಕೂರಿಸಿಕೊಂಡು ಊರೊಳಗೆ ನಿಧಾನ ಒಂದು ಸುತ್ತು ಹೋಗಿ ಬರುತ್ತಾರೆ, ಮನೆ ಮುಂದೆ ನಿಲ್ಲಿಸಿ ಗಾಳಿ ಬಿಡುತ್ತಾರೆ. ಮುಂದಿನದು ಮೊದಲು ಇಳಿಯುತ್ತದೆ, ಆಮೇಲೆ ಹಿಂದಿನದು. ಓಡುವ ಎತ್ತರದಲ್ಲಿ ನಿಲ್ಲಿಸಿಟ್ಟರೆ ಬಲಗಡೆಯ ಹಿಂಭಾಗ ಮಾತ್ರ ಮೂರು ದಿನದಲ್ಲಿ ಅರ್ಧ ಇಂಚು ಇಳಿದಿರುತ್ತದೆ. ಬ್ಯಾಗ್ ಸರಿಯಿದೆ, ಸೋಪಿನ ನೀರಿಗೆ ಒಂದು ಗುಳ್ಳೆಯೂ ಬರಲಿಲ್ಲ. ವಾಲ್ವಿಗೆ ಹೋಗುವ ಪೈಪಿನ ತುದಿ ಓರೆಯಾಗಿ ಕತ್ತರಿಸಿದೆ ಅಂತ ನನ್ನ ಅನುಮಾನ. ಮುಂದಿನ ಶನಿವಾರ ಅದನ್ನು ಬಿಚ್ಚಿ, ನೆಟ್ಟಗೆ ಕತ್ತರಿಸಿ ಮತ್ತೆ ಕೂರಿಸಬೇಕು.